ದೆವ್ವಕ್ಕೂ ‘ನಾಳೆ ಉದ್ರಿ’!

ರಕ್ತ ಬಿಟ್ಟು ಕಾಫಿ ಹಿಡಿದ ಪಿಶಾಚಿ * ಹಗಲು ಸನ್ಯಾಸಿ, ರಾತ್ರಿ ಚಿರತೆ! * ಕಲ್ಲು ಬಿದ್ದ ಮನೆ, ಬೆಂಕಿ ಬಿದ್ದ ಕೆಸರೂರು

ಮೂಡಿಗೆರೆ: ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ಅಂಗಡಿ ಇಟ್ಟವರಿಗೆಲ್ಲ ಗೊತ್ತು. ಗಿರಾಕಿ ಇವತ್ತು ಬಂದು ಓದುತ್ತಾನೆ, ಸರಿ ನಾಳೆ ಬರೋಣ ಅಂತ ಹೋಗುತ್ತಾನೆ. ನಾಳೆ ಬಂದರೆ ಬೋರ್ಡು ಮತ್ತೆ ನಾಳೆ ಅನ್ನುತ್ತೆ. ಜಗಳ ಇಲ್ಲ, ಬೈಗುಳ ಇಲ್ಲ, ಸಾಲವೂ ಇಲ್ಲ. ಇಷ್ಟು ಚೊಕ್ಕದಾದ ಉಪಾಯ ಕಂಡುಹಿಡಿದ ಪುಣ್ಯಾತ್ಮ ಯಾರೋ ಏನೋ, ಕರ್ನಾಟಕದ ಜನ ಅದನ್ನು ಗಿರಾಕಿಗಳಿಗೆ ಮಾತ್ರವಲ್ಲ, ದೆವ್ವಕ್ಕೂ ಹಚ್ಚಿ ನೋಡಿದ್ದಾರೆ.

1990ರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ, ಹಳ್ಳಿಗಳ ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಸುಣ್ಣದಲ್ಲೋ ಇದ್ದಿಲಲ್ಲೋ ಬರೆದದ್ದನ್ನು ನೋಡಿದವರು ಈಗಲೂ ಇದ್ದಾರೆ. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತೆ, ಅಮ್ಮನ ದನಿಯಲ್ಲೋ ಹೆಂಡತಿಯ ದನಿಯಲ್ಲೋ ಹೆಸರು ಹಿಡಿದು ಕರೆಯುತ್ತೆ, ಓಗೊಟ್ಟು ಬಾಗಿಲು ತೆಗೆದವನ ಕತೆ ಅಲ್ಲಿಗೆ ಮುಗೀತು ಎಂಬುದು ಆಗಿನ ಪುಕಾರು. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಇದ್ದರೆ ದೆವ್ವ ಓದಿಕೊಂಡು ವಾಪಸ್ ಹೋಗುತ್ತೆ. ಮರುದಿನ ಬಂದರೂ ಅದೇ ಬರಹ. ದೆವ್ವಕ್ಕೆ ಕನ್ನಡ ಓದಲು ಬರುತ್ತೆ, ಆದರೆ ನಿನ್ನೆ ಓದಿದ್ದು ಇವತ್ತು ನೆನಪಿರೋದಿಲ್ಲ ಎಂಬುದು ಇದರ ತಾತ್ಪರ್ಯ! 2018ರಲ್ಲಿ ಬಂದ ‘ಸ್ತ್ರೀ’ ಎಂಬ ಹಿಂದಿ ಸಿನಿಮಾಕ್ಕೆ ಮೂಲ ಸಾಮಗ್ರಿ ಇದೇ ಪುಕಾರು. ನಮ್ಮವರು ಇದ್ದಿಲಲ್ಲಿ ಗೀಚಿದ್ದಕ್ಕೆ ಬೊಂಬಾಯಿಯವರು ಟಿಕೆಟ್ ಹರಿದರು.

ಉಪಾಯ ನಗೆ ಬರಿಸುವಂಥದ್ದೇ. ಆದರೆ ಅದರೊಳಗೆ ಒಂದು ಬುದ್ಧಿ ಅಡಗಿದೆ. ಅದೇನು ಅಂತ ತಿಳಿಯಬೇಕಾದರೆ ಲಂಡನ್ನು, ಗಢವಾಲ ಸುತ್ತಿ ಮೂಡಿಗೆರೆಗೇ ವಾಪಸ್ ಬರಬೇಕು.

ಕರೆಯದೆ ಬರದ ಭೂಪ

ಪರದೇಶದ ರಕ್ತಪಿಶಾಚಿಗಳ ಪೈಕಿ ಹೆಸರುವಾಸಿಯಾದದ್ದು ಡ್ರಾಕುಲಾ. 1897ರಲ್ಲಿ ಬ್ರಾಂ ಸ್ಟೋಕರ್ ಎಂಬಾತ ಬರೆದ ಕಾದಂಬರಿಯ ನಾಯಕ, ಅಲ್ಲಲ್ಲ, ಖಳನಾಯಕ. ಸ್ಟೋಕರ್ ಹೊಟ್ಟೆಪಾಡಿಗೆ ಲಂಡನ್ನಿನ ಒಂದು ನಾಟಕ ಥಿಯೇಟರಿನ ಮ್ಯಾನೇಜರಾಗಿದ್ದವನು. ಟಿಕೆಟ್ಟಿನ ಲೆಕ್ಕ ಬರೆಯುವ ಕೈಯಲ್ಲೇ ಈ ಭೀಕರ ಕತೆ ಬರೆದ.

ವ್ಯಾಪಾರಸ್ಥರು ಗಮನಿಸಬೇಕಾದ ಸಂಗತಿ ಒಂದಿದೆ. ಈ ಡ್ರಾಕುಲಾ ಮಹಾಶಯ ಲಂಡನ್ನಿಗೆ ಕಳ್ಳದಾರಿಯಲ್ಲಿ ಬರುವುದಿಲ್ಲ. ವಕೀಲರನ್ನು ಇಟ್ಟು, ಕ್ರಯಪತ್ರ ಮಾಡಿಸಿ, ಹಳೇ ಬಂಗಲೆ ಖರೀದಿ ಮಾಡುತ್ತಾನೆ. ಐವತ್ತು ಪೆಟ್ಟಿಗೆ ತನ್ನೂರಿನ ಮಣ್ಣನ್ನು ಹಡಗಿಗೆ ಹಾಕಿಸಿ ತರಿಸುತ್ತಾನೆ. ಕಾಗದಪತ್ರವೆಲ್ಲ ಸರಿಯಾಗಿದೆ! ಇನ್ನೊಂದು ನಿಯಮವೂ ಉಂಟು. ಮನೆಯವರು ಯಾರಾದರೂ ಮೊದಲ ಸಲ ‘ಒಳಗೆ ಬನ್ನಿ’ ಅನ್ನದ ಹೊರತು ಈತ ಹೊಸಿಲು ದಾಟುವ ಹಾಗಿಲ್ಲ. ಅಲ್ಲಿಯ ಪಿಶಾಚಿಗೆ ಆಹ್ವಾನ ಬೇಕು, ಇಲ್ಲಿಯ ದೆವ್ವಕ್ಕೆ ಓಗೊಡಬೇಕು. ಏಳು ಸಮುದ್ರದ ಆಚೆ ಈಚೆ ಇರುವ ಎರಡು ಜನ ಒಂದೇ ಮಾತು ಹೇಳಿದ್ದಾರೆ: ಬಾಗಿಲು ತೆಗೆಯುವವನು ಒಳಗಿನವನೇ.

ನಮ್ಮ ಬೇತಾಳವನ್ನೂ ಇಂಗ್ಲಿಷರು ಈ ಸಾಲಿಗೇ ಸೇರಿಸಿದರು. ರಿಚರ್ಡ್ ಬರ್ಟನ್ ಎಂಬ ದೊರೆ 1870ರಲ್ಲಿ ವಿಕ್ರಮ-ಬೇತಾಳ ಕತೆಗಳನ್ನು ಇಂಗ್ಲಿಷಿಗೆ ತಂದಾಗ ಪುಸ್ತಕದ ಹೆಸರಿನಲ್ಲೇ ಬೇತಾಳವನ್ನು ರಕ್ತಪಿಶಾಚಿ ಮಾಡಿಬಿಟ್ಟ. ಇದು ಶುದ್ಧ ಅನ್ಯಾಯ. ಚಂದಮಾಮ ಓದಿ ಬೆಳೆದ ಯಾರನ್ನು ಬೇಕಾದರೂ ಕೇಳಿ, ನಮ್ಮ ಬೇತಾಳ ಯಾರ ಕುತ್ತಿಗೆಗೂ ಬಾಯಿ ಹಾಕಿದ್ದಲ್ಲ. ಅದು ಕೇಳಿದ್ದು ಪ್ರಶ್ನೆ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ ತಲೆ ಹೋಳಾಗುತ್ತೆ ಎಂದಷ್ಟೇ ಅದರ ಷರತ್ತು. ಈ ಷರತ್ತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು, ಮುಂದೆ ಬೇಕಾಗುತ್ತೆ.

ಪಿಶಾಚಿಗೆ ಫಿಲ್ಟರ್ ಕಾಫಿ

ಈಚಿನ ಇಂಗ್ಲಿಷ್ ಬರಹಗಾರರಿಗೆ ಹಳೇ ಡ್ರಾಕುಲಾನ ಗಾಂಭೀರ್ಯ ಸಾಕಾಗಿ ಹೋಯಿತು. ಪಿಶಾಚಿಯನ್ನೂ ತೋಳಮಾನವನನ್ನೂ ಎಳೆದು ತಂದು ಪೇಟೆ ಬೀದಿಯಲ್ಲಿ ನಿಲ್ಲಿಸಿದರು. ತೋಳಮಾನವ ಅಂದರೆ ಹುಣ್ಣಿಮೆ ರಾತ್ರಿ ತೋಳವಾಗಿ ಮಾರ್ಪಡುವ ಮನುಷ್ಯ. ಅವರೂ ಬಾಡಿಗೆ ಕಟ್ಟಬೇಕು, ಕೆಲಸಕ್ಕೆ ಹೋಗಬೇಕು, ಮೇಲಧಿಕಾರಿ ಹತ್ತಿರ ಬೈಸಿಕೊಳ್ಳಬೇಕು. ಹೆದರಿಸುತ್ತಲೇ ನಗಿಸುವ, ನಗಿಸುತ್ತಲೇ ಚುಚ್ಚುವ ಕಾದಂಬರಿಗಳಿವು.

ಇದರಲ್ಲಿ ಎತ್ತಿದ ಕೈ 2015ರಲ್ಲಿ ತೀರಿಕೊಂಡ ಟೆರಿ ಪ್ರಾಚೆಟ್. ಆತ ಕಟ್ಟಿದ ಆಂಖ್-ಮೊರ್ಪೋರ್ಕ್ ಎಂಬ ಕಾಲ್ಪನಿಕ ಪಟ್ಟಣದ ಪೊಲೀಸ್ ಠಾಣೆಯಲ್ಲಿ ಆಂಗುವಾ ಎಂಬ ಹೆಣ್ಣುಮಗಳು ಕಾನ್‌ಸ್ಟೇಬಲ್. ಆಕೆ ತೋಳಮಾನವಿ. ವಾಸನೆ ಹಿಡಿದು ಕಳ್ಳನನ್ನು ಪತ್ತೆ ಹಚ್ಚುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. 1993ರ ಒಂದು ಕಾದಂಬರಿಯಲ್ಲಿ ಆಕೆ ಠಾಣೆಗೆ ಸೇರಿದಾಗ, ನಮ್ಮ ಜಾತಿಯವರು ಬೇಡ, ನಿಮ್ಮ ಜಾತಿಯವರು ಬೇಡ ಎಂಬ ತಕರಾರು ಅಲ್ಲೂ ಇತ್ತು.

ಕಾಫಿ ಸೀಮೆಯವರು ಎದ್ದು ಕೂರಬೇಕಾದ್ದು ಅದೇ ಪ್ರಾಚೆಟ್ಟನ 2003ರ ಇನ್ನೊಂದು ಕಾದಂಬರಿಗೆ. ಅದರಲ್ಲಿ ಮಾಲಡಿಕ್ಟ್ ಎಂಬ ರಕ್ತಪಿಶಾಚಿ ಸಿಪಾಯಿಯಾಗಿ ಸೈನ್ಯ ಸೇರುತ್ತೆ. ನಮ್ಮಲ್ಲಿ ಹೆಂಡ ಬಿಡುವವರು ಮಂಜುನಾಥನ ಮೇಲೆ ಆಣೆ ಇಡುವ ಹಾಗೆ ಅಲ್ಲಿಯ ಪಿಶಾಚಿಗಳು ಇನ್ನು ಮೇಲೆ ಒಂದು ತೊಟ್ಟು ರಕ್ತ ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಕಪ್ಪು ರಿಬ್ಬನ್ನು ಕಟ್ಟಿಕೊಳ್ಳುತ್ತವೆ. ಆದರೆ ಚಟ ಸುಮ್ಮನೆ ಬಿಡುತ್ತದೆಯೇ? ಬದಲಿಗೆ ಇನ್ನೊಂದು ಬೇಕು. ಮಾಲಡಿಕ್ಟ್ ಹಿಡಿದದ್ದು ಕಾಫಿಯನ್ನು! ಕಾಫಿ ಸಿಗುವ ತನಕ ಸಭ್ಯ ಸಿಪಾಯಿ. ಕಾಫಿ ದಾಸ್ತಾನು ಕೈತಪ್ಪಿ ಹೋದ ದಿನದಿಂದ ಪಿಶಾಚಿಗೆ ಕಣ್ಣು ಮಂಜಾಗುತ್ತೆ, ಇಲ್ಲದ್ದೆಲ್ಲ ಕಾಣಿಸುತ್ತೆ, ಜೊತೆಯವರಿಗೆ ಪೀಕಲಾಟ ಶುರುವಾಗುತ್ತೆ.

ಬಾಬಾ ಬುಡನ್ನರು ಏಳು ಬೀಜ ತಂದು ನೆಟ್ಟರು ಎಂಬ ಕತೆ ಕೇಳಿ ಬೆಳೆದ ಈ ಗುಡ್ಡದ ಜನಕ್ಕೆ ಬೆಳಿಗ್ಗೆ ಕಾಫಿ ತಪ್ಪಿದವನ ಸ್ಥಿತಿ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ರಕ್ತಪಿಶಾಚಿಯನ್ನು ಮನುಷ್ಯನನ್ನಾಗಿ ಮಾಡುವ ಪದಾರ್ಥ ಚಿಕ್ಕಮಗಳೂರಿನ ತೋಟದಲ್ಲಿ ಬೆಳೆಯುತ್ತೆ ಎಂದರೆ ಪ್ಲಾಂಟರುಗಳು ಜಾಹೀರಾತಿಗೆ ಹಾಕಿಕೊಳ್ಳಬಹುದು.

ಡ್ರಾಕುಲಾನ ಮೂಡಿಗೆರೆ ದಾಯಾದಿ

ಡ್ರಾಕುಲಾಗೂ ಮೂಡಿಗೆರೆಗೂ ದೂರದ ನೆಂಟಸ್ತಿಕೆಯೂ ಇದೆ. ಡ್ರಾಕುಲಾ ಎಂಬ ಹೆಸರು ಬಂದದ್ದು ಈಗಿನ ರುಮೇನಿಯಾ ದೇಶದ ಹಳೆಯ ರಾಜನೊಬ್ಬನಿಂದ. ಅವನಪ್ಪ 1431ರಲ್ಲಿ ‘ಡ್ರ್ಯಾಗನ್’ ಹೆಸರಿನ ಯೋಧರ ಕೂಟವೊಂದಕ್ಕೆ ಸೇರಿ ಡ್ರಾಕುಲ್ ಅನ್ನಿಸಿಕೊಂಡ, ಮಗ ಡ್ರಾಕುಲಾ ಆದ. ಡ್ರ್ಯಾಗನ್ ಅಂದರೆ ರೆಕ್ಕೆಯ ಸರ್ಪ, ಲ್ಯಾಟಿನ್ನಿನಲ್ಲಿ ‘ಡ್ರಾಕೋ’.

ಅದೇ ಡ್ರಾಕೋ ಎಂಬ ಹೆಸರನ್ನು ವಿಜ್ಞಾನಿಗಳು ನಮ್ಮ ಘಟ್ಟದ ಕಾಡಿನ ಹಾರುವ ಓತಿಗೆ ಇಟ್ಟಿದ್ದಾರೆ. ಪಕ್ಕೆಲುಬಿನ ಮೇಲೆ ಹಬ್ಬಿದ ಚರ್ಮವನ್ನು ಕೊಡೆಯ ಹಾಗೆ ಬಿಚ್ಚಿ ಮರದಿಂದ ಮರಕ್ಕೆ ತೇಲಿ ಹೋಗುವ ಬಡಪಾಯಿ ಪ್ರಾಣಿ ಅದು. ಆಹಾರ ಇರುವೆ. ಇದನ್ನೇ ಹುಡುಕಿಕೊಂಡು ಒಬ್ಬ ವಿಜ್ಞಾನಿ, ಒಬ್ಬ ಮಂದಣ್ಣ, ಒಬ್ಬ ಬಿರಿಯಾನಿ ಕರಿಯಪ್ಪ, ಒಂದು ನಾಯಿ ಸಮೇತ ಕಾಡು ನುಗ್ಗಿದ ಕತೆಯೇ 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಹೀಗೆ ರುಮೇನಿಯಾದ ಡ್ರಾಕುಲಾ ಕುತ್ತಿಗೆ ಹುಡುಕಿಕೊಂಡು ಲಂಡನ್ನಿಗೆ ಹೋದರೆ, ಮೂಡಿಗೆರೆಯ ಡ್ರಾಕೋ ಇರುವೆ ಹುಡುಕಿಕೊಂಡು ಮರ ಹತ್ತಿತು.

ಬಾವಲಿಗಳ ಕತೆಯೂ ಇದೇ. ನಿಜವಾಗಿ ರಕ್ತ ಕುಡಿಯುವ ಬಾವಲಿಗಳು ಮೂರೇ ಜಾತಿ, ಮೂರೂ ಇರುವುದು ಅಮೆರಿಕ ಖಂಡದ ಮಧ್ಯ ಮತ್ತು ದಕ್ಷಿಣ ಭಾಗದಲ್ಲಿ. ನಮ್ಮ ತೋಟದ ತೊಗಲುಬಾವಲಿ ಕಾಫಿ ಹಣ್ಣು ಚೀಪಿ ಬೀಜ ಉಗುಳಿ ಹೋಗುತ್ತೆ, ಅಷ್ಟೇ.

ಹಾಗಾದರೆ ಈ ಸೀಮೆಯಲ್ಲಿ ರಕ್ತ ಹೀರುವವರು ಇಲ್ಲವೇ? ಧಾರಾಳ ಇದ್ದಾರೆ. ಮಳೆಗಾಲದಲ್ಲಿ ಕಳಸದ ಕಡೆ ತೋಟಕ್ಕೆ ಇಳಿದವರ ಕಾಲು ನೋಡಿ. ಇಂಬಳ ಕಚ್ಚಿದ್ದೇ ಗೊತ್ತಾಗೋದಿಲ್ಲ, ಹೊಟ್ಟೆ ತುಂಬಿ ತಾನಾಗಿ ಉದುರಿದ ಮೇಲೂ ರಕ್ತ ಸೋರುತ್ತಲೇ ಇರುತ್ತೆ, ಏಕೆಂದರೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಅದರ ಬಾಯಲ್ಲಿದೆ. ಅದಕ್ಕಿಂತ ಚಿಕ್ಕದು ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹಬ್ಬಿಸುವುದು ಇದೇ ಉಣುಗು. ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಕಡೆಯವರಿಗೆ ಈ ಕಾಯಿಲೆಯ ಹೆಸರು ಹೇಳಿದರೆ ಸಾಕು. ಡ್ರಾಕುಲಾ ಕೊಂದದ್ದು ಪುಸ್ತಕದಲ್ಲಿ, ಉಣುಗು ಕೊಂದದ್ದು ನಿಜವಾಗಿ. ಆದರೂ ಉಣುಗಿಗೆ ಹೆದರಿ ಯಾರೂ ಬಾಗಿಲ ಮೇಲೆ ಬರೆದದ್ದು ಕೇಳಿಲ್ಲ. ಮನುಷ್ಯ ಹೆದರುವುದೇ ಒಂದಕ್ಕೆ, ಸಾಯುವುದೇ ಇನ್ನೊಂದರಿಂದ.

ಕೆಸರೂರಿನಲ್ಲಿ ಕಲ್ಲಿನ ಮಳೆ

ಈ ಕೊನೆಯ ಮಾತನ್ನೇ ಇಡೀ ಕಾದಂಬರಿಯಾಗಿ ಬರೆದವರು ಮತ್ತೆ ಅದೇ ತೇಜಸ್ವಿ. 1938ರಲ್ಲಿ ಹುಟ್ಟಿ, 2007ರ ಏಪ್ರಿಲ್ 5ರಂದು ಮೂಡಿಗೆರೆ ಬಳಿಯ ತಮ್ಮ ‘ನಿರುತ್ತರ’ ಮನೆಯಲ್ಲಿ ತೀರಿಕೊಂಡ ತೇಜಸ್ವಿ ಬದುಕಿದ್ದೂ ಬರೆದದ್ದೂ ಬಹುಪಾಲು ಈ ತೋಟಗಳ ನಡುವೆಯೇ. ಅವರ ‘ಚಿದಂಬರ ರಹಸ್ಯ’ 1985ರಲ್ಲಿ ಬಂತು, 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಬಹುಮಾನ ಬಂದ ಪುಸ್ತಕ ಅಂದರೆ ಆಕಳಿಕೆ ಬರಿಸುವಂಥದ್ದು ಎಂದು ತಿಳಿದ ಓದುಗರನ್ನು ಬೇಸ್ತು ಬೀಳಿಸಿದ ಪುಸ್ತಕ ಅದು. ಪತ್ತೇದಾರಿಯ ವೇಗ, ದೆವ್ವದ ಕತೆಯ ಗುಮಾನಿ, ಹೊಟ್ಟೆ ಹುಣ್ಣಾಗುವಷ್ಟು ನಗು. ಆದರೆ ಮುಗಿಸಿ ಕೆಳಗಿಟ್ಟಾಗ ನಗು ಗಂಟಲಲ್ಲೇ ಸಿಕ್ಕಿಕೊಂಡಿರುತ್ತೆ.

ಕತೆ ನಡೆಯುವುದು ಕೆಸರೂರು ಎಂಬ ಮಲೆನಾಡಿನ ಊರಿನಲ್ಲಿ. ಏಲಕ್ಕಿ ಇಳುವರಿ ಬೀಳುತ್ತಿದೆ. ಏಲಕ್ಕಿ ಸಂಶೋಧನಾ ಕೇಂದ್ರದ ಜೋಗಿಹಾಳ್ ಎಂಬ ವಿಜ್ಞಾನಿ ಸತ್ತದ್ದು ಹೇಗೆ ಎಂಬುದೇ ಗುಟ್ಟು. ಮೂಡಿಗೆರೆಯಲ್ಲಿ ನಿಜವಾಗಿಯೂ ಏಲಕ್ಕಿ ಸಂಶೋಧನಾ ಕೇಂದ್ರ ಇರುವುದರಿಂದ ಇಲ್ಲಿಯವರಿಗೆ ಕೆಸರೂರು ಯಾವುದು ಅಂತ ಯಾರೂ ಕಿವಿಯಲ್ಲಿ ಹೇಳಬೇಕಾಗಿಲ್ಲ. ತನಿಖೆಗೆ ಶಾಮನಂದನ ಅಂಗಾಡಿ ಎಂಬ ಗುಪ್ತಚರ ಅಧಿಕಾರಿ ಬರುತ್ತಾನೆ. ಅತ್ತ ಕೃಷ್ಣೇಗೌಡರ ಮನೆ ಮೇಲೆ ಎಲ್ಲಿಂದಲೋ ಕಲ್ಲು ಬೀಳಲು ಶುರುವಾಗುತ್ತೆ. ಯಾರು ಎಸೆಯುತ್ತಾರೆ? ದೆವ್ವವೋ, ಮಾಟವೋ, ಆಗದವರ ಕಿತಾಪತಿಯೋ? ಊರಿನಲ್ಲಿ ಬಾಯಿಗೊಂದು ಮಾತು. ಕಾಲೇಜು ಹುಡುಗರದು ಕ್ರಾಂತಿಯ ಹುಮ್ಮಸ್ಸು. ರಫಿ ಎಂಬ ಹುಡುಗನಿಗೂ ಜಯಂತಿ ಎಂಬ ಹುಡುಗಿಗೂ ಪ್ರೀತಿ, ಅದರ ಸುತ್ತ ಜಾತಿ ಮತದ ಗುಸುಗುಸು. ಸುಲೇಮಾನ್ ಬ್ಯಾರಿಗೆ ಅವನದೇ ವ್ಯವಹಾರ.

ಇವರೆಲ್ಲರ ಹಿಂದೆ, ಯಾರ ಕಣ್ಣಿಗೂ ಬೀಳದೆ, ಊರಿನ ಸುತ್ತ ಲಂಟಾನ ಬೆಳೆಯುತ್ತಿರುತ್ತೆ. ಪರದೇಶದಿಂದ ಹೂವಿನ ಗಿಡವೆಂದು ಬಂದು ಕಾಡು ಹೊಲ ಎಲ್ಲ ನುಂಗಿದ ಮುಳ್ಳುಪೊದೆ ಅದು. ಬೇಸಿಗೆಯಲ್ಲಿ ಒಣಗಿ ನಿಂತರೆ ಒಂದು ಬೀಡಿ ಕಿಡಿ ಸಾಕು. ಊರಿನವರು ಮಾತ್ರ ಕಲ್ಲು ಎಸೆದ ದೆವ್ವ ಯಾರ ಕಡೆಯದು ಅಂತ ಜಗಳ ಆಡುತ್ತಲೇ ಇರುತ್ತಾರೆ. ಕೊನೆಗೆ ಬೆಂಕಿ ಬಂದು ಕೆಸರೂರನ್ನು ಸುತ್ತಿಕೊಂಡಾಗ ಅದು ಯಾರ ಜಾತಿ ಯಾವುದು, ಯಾರ ದೇವರು ಯಾವುದು ಅಂತ ಕೇಳುವುದಿಲ್ಲ.

ತಮಾಷೆ ನೋಡಿ. ಇಂಗ್ಲಿಷ್ ಕಾದಂಬರಿಯಲ್ಲಿ ಪಿಶಾಚಿ ನಿಜ, ಅದನ್ನು ನಂಬದವನು ಪೆದ್ದ. ಕೊನೆಗೆ ಎಲ್ಲರೂ ಸೇರಿ ಅದರ ಎದೆಗೆ ಗೂಟ ಹೊಡೆದರೆ ಊರು ಉಳಿಯುತ್ತೆ. ಮೂಡಿಗೆರೆ ಕಾದಂಬರಿಯಲ್ಲಿ ಗೂಟ ಹೊಡೆಯೋಣ ಅಂದರೆ ಪಿಶಾಚಿಯೇ ಕೈಗೆ ಸಿಗುವುದಿಲ್ಲ. ಸಿಗುವುದು ಅಕ್ಕಪಕ್ಕದ ಮನೆಯವನು. ಊರನ್ನು ಕೊಂದದ್ದು ದೆವ್ವವಲ್ಲ, ದೆವ್ವ ಯಾರು ಎಂಬ ಜಗಳ.

ಹಗಲು ಸನ್ಯಾಸಿ, ರಾತ್ರಿ ಚಿರತೆ

ಇದು ಬರೀ ಕಾದಂಬರಿಯ ಮಾತು ಅಂದುಕೊಂಡರೆ ತಪ್ಪು. ತೇಜಸ್ವಿ ಕಾಡಿನ ಕತೆಗಳನ್ನೂ ಕನ್ನಡಕ್ಕೆ ತಂದವರು. ಕೆನೆತ್ ಆಂಡರ್ಸನ್ ಬರೆದ ನರಭಕ್ಷಕಗಳ ಕತೆ ‘ಕಾಡಿನ ಕಥೆಗಳು’ ಎಂಬ ಹೆಸರಿನಲ್ಲಿ ನಾಲ್ಕು ಭಾಗವಾಗಿ ಬಂತು. ಜಿಮ್ ಕಾರ್ಬೆಟ್‌ನ ಪುಸ್ತಕ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಆಯಿತು. ಹಿಮಾಲಯದ ತಪ್ಪಲಿನ ಗಢವಾಲದಲ್ಲಿ 1918ರಿಂದ 1926ರ ತನಕ ಒಂದು ಚಿರತೆ ತಿಂದದ್ದು ಸರ್ಕಾರಿ ಲೆಕ್ಕದಲ್ಲೇ 125 ಜನರನ್ನು. ಬದರಿ, ಕೇದಾರ ಯಾತ್ರೆಗೆ ಹೋಗುವವರು ಕತ್ತಲಾದ ಮೇಲೆ ಚಟ್ಟಿಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. 1926ರ ಮೇ ತಿಂಗಳಲ್ಲಿ ಕಾರ್ಬೆಟ್ ಅದನ್ನು ಹೊಡೆದ.

ಅಲ್ಲಿಯ ಜನಕ್ಕೆ ಚಿರತೆ ಮೇಲೆ ನಂಬಿಕೆ ಬರಲಿಲ್ಲ. ಇದು ಪ್ರಾಣಿಯ ಕೆಲಸವಲ್ಲ, ಹಗಲು ಮನುಷ್ಯನ ರೂಪದಲ್ಲಿದ್ದು ರಾತ್ರಿ ಮೃಗವಾಗುವ ಪಿಶಾಚಿಯ ಕೆಲಸ ಎಂದರು. ಅಂದರೆ ಯುರೋಪಿನ ತೋಳಮಾನವನಿಗೆ ಗಢವಾಲದಲ್ಲಿ ಚಿರತೆ ವೇಷ. ವೇಷಧಾರಿ ಯಾರು ಅಂದರೆ ಊರಿಗೆ ಹೊಸಬ, ಒಬ್ಬಂಟಿ, ಹಿಂದೆ ಮುಂದೆ ಯಾರೂ ಇಲ್ಲದ ಸಾಧು!

ಕಾರ್ಬೆಟ್ ಬರೆದಿರುವ ಒಂದು ಪ್ರಸಂಗ ಹೀಗಿದೆ. ಒಂದು ಊರಿನಲ್ಲಿ ಜನ ಇಂಥ ಒಬ್ಬ ಸಾಧುವನ್ನು ಹಿಡಿದು ಕೊಲ್ಲಲು ನಿಂತರು. ಅಲ್ಲೇ ಹತ್ತಿರ ಕ್ಯಾಂಪ್ ಮಾಡಿದ್ದ ಡೆಪ್ಯುಟಿ ಕಮಿಷನರ್ ಸಾಹೇಬ ಜನರ ಕಣ್ಣಲ್ಲಿದ್ದ ರೋಷ ನೋಡಿ ವಾದಕ್ಕೆ ಇಳಿಯಲಿಲ್ಲ. ನೀವು ಮೂಢರು, ದಡ್ಡರು ಅಂತ ಬೈಯಲೂ ಇಲ್ಲ. ನೀವು ಹಿಡಿದಿರೋದು ನಿಜವಾದ ಅಪರಾಧಿಯನ್ನೇ ಇರಬೇಕು, ಆದರೆ ಕೊಲ್ಲುವ ಮುಂಚೆ ಸಾಬೀತಾಗಬೇಕಲ್ಲ ಎಂದ. ಇವನನ್ನು ಹಗಲೂ ರಾತ್ರಿ ಪೊಲೀಸರೂ ಊರಿನವರೂ ಸೇರಿ ಕಾಯೋಣ, ಈತ ಬಂಧನದಲ್ಲಿರುವಾಗ ಎಲ್ಲೂ ಸಾವು ಆಗದಿದ್ದರೆ ಆಮೇಲೆ ನೋಡೋಣ ಎಂದು ಒಪ್ಪಿಸಿದ. ಏಳು ದಿನ, ಏಳು ರಾತ್ರಿ ಕಾವಲು. ಎಂಟನೇ ಬೆಳಿಗ್ಗೆ ಸುದ್ದಿ ಬಂತು. ಕೆಲವು ಮೈಲಿ ಆಚೆಯ ಹಳ್ಳಿಯಲ್ಲಿ ಹಿಂದಿನ ರಾತ್ರಿ ಮನೆ ಬಾಗಿಲು ಮುರಿದು ಒಬ್ಬನನ್ನು ಹೊತ್ತೊಯ್ಯಲಾಗಿದೆ. ಸಾಧು ಬಚಾವಾದ.

ಜನ ನಾಚಿಕೊಂಡರೇ? ಇಲ್ಲ. ಈ ಸಲ ತಪ್ಪು ಮನುಷ್ಯನನ್ನು ಹಿಡಿದೆವು, ಮುಂದಿನ ಸಲ ಹಾಗಾಗದ ಹಾಗೆ ನೋಡಿಕೊಳ್ಳುತ್ತೇವೆ ಎಂದರಂತೆ. ಪ್ರಾಚೆಟ್ ಬರೆದಿದ್ದರೂ ಇದಕ್ಕಿಂತ ಕಹಿಯಾದ ಜೋಕು ಬರೆಯಲಾಗುತ್ತಿರಲಿಲ್ಲ.

ಈಗ ಆ ಸಾಹೇಬ ಮಾಡಿದ್ದೇನು ಅಂತ ಯೋಚಿಸಿ. ರೊಚ್ಚಿಗೆದ್ದ ಜನರ ಬಾಗಿಲ ಮೇಲೆ ಆತ ಬರೆದದ್ದೂ ‘ನಾಳೆ ಬಾ’ ಅಂತಲೇ! ಕೊಲ್ಲಬೇಕೇ? ಖಂಡಿತ ಕೊಲ್ಲೋಣ, ನಾಳೆ. ಒಂದು ವಾರದ ಉದ್ರಿ ಒಬ್ಬ ಮನುಷ್ಯನ ಪ್ರಾಣ ಉಳಿಸಿತು.

‘ನಾಳೆ’ ಅನ್ನುವವರಿಲ್ಲದ ದಿನ

ಗಢವಾಲದ ಮಾತು ಹಳೇ ಕಾಲದ್ದಾಯಿತು. ನಮ್ಮ ರಾಜ್ಯದಲ್ಲೇ 2018ರಲ್ಲಿ ನಡೆದದ್ದನ್ನು ನೋಡೋಣ. ಆ ವರ್ಷ ಮೊಬೈಲುಗಳಲ್ಲಿ ಒಂದು ಪುಕಾರು ಓಡಾಡಿತು. ಮಕ್ಕಳ ಕಳ್ಳರ ಗುಂಪು ಬಂದಿದೆಯಂತೆ, ಹುಷಾರು ಎಂದು. ವೇಷ ಮಾತ್ರ ಬೇರೆ, ಪಿಶಾಚಿ ಅದೇ: ಊರಿಗೆ ಹೊಸಬ, ಹೊರಗಿನ ಮಾತಿನವ, ನೋಡಲು ಮನುಷ್ಯ, ಒಳಗೆ ರಾಕ್ಷಸ.

ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಾಡಹಗಲೇ ರಾಜಸ್ಥಾನದಿಂದ ಕೂಲಿಗೆ ಬಂದಿದ್ದ ಒಬ್ಬನನ್ನು ಜನ ಹಿಡಿದು ಬಡಿದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಇನ್ನೊಂದು. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ ಸಾಕಾಯಿತು. ಚಾಕಲೇಟು ಕೊಟ್ಟವನು ಕಳ್ಳ ಎಂಬ ಸುದ್ದಿ ಕಾರಿಗಿಂತ ಮುಂದೆ ಓಡಿತು. ಒಬ್ಬ ಎಂಜಿನಿಯರ್ ಯುವಕ ಪ್ರಾಣ ಬಿಟ್ಟ, ಜೊತೆಯವರು ಗಾಯಗೊಂಡರು. ತಪ್ಪಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಆ ಮಕ್ಕಳು ಯಾರೂ ಕಳುವಾಗಿರಲಿಲ್ಲ. ಕಳುವಾದದ್ದು ಒಂದು ಮನೆಯ ಮಗ.

ಅಲ್ಲಿ ‘ನಾಳೆ ನೋಡೋಣ’ ಎಂದು ಗುಂಪನ್ನು ಒಪ್ಪಿಸುವವರು ಸಿಕ್ಕಲಿಲ್ಲ.

ಕಾನೂನು ಇಲ್ಲವೆಂದಲ್ಲ. ಮಾಟ ಮಂತ್ರ, ಅಮಾನುಷ ಆಚರಣೆಗಳ ವಿರುದ್ಧದ ಕಾಯಿದೆಗೆ ಕರ್ನಾಟಕದ ವಿಧಾನಮಂಡಲ 2017ರಲ್ಲಿ ಒಪ್ಪಿಗೆ ಕೊಟ್ಟಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ದೆವ್ವ ಬಿಡಿಸುತ್ತೇವೆ ಅಂತ ಮೈಮೇಲೆ ಬರೆ ಎಳೆದರೆ, ಹೊಡೆದರೆ ಈಗ ಜೈಲು. ಆದರೆ ಕಾನೂನು ಬರುವುದು ಜೀಪಿನಲ್ಲಿ, ಪುಕಾರು ಬರುವುದು ಗಾಳಿಯಲ್ಲಿ. ಯಾವುದು ಮೊದಲು ತಲುಪುತ್ತೆ ಅಂತ ಮಲೆನಾಡಿನ ರಸ್ತೆ ಬಲ್ಲವರನ್ನೇ ಕೇಳಿ.

ಮೋಹಿನಿಯೂ ಕುಸಿದ ಗುಡ್ಡವೂ

ರಸ್ತೆ ಅಂದ ಮೇಲೆ ಚಾರ್ಮಾಡಿ ಘಾಟಿ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿಯುವವರಿಗೆ ಮಂಜು ಕವಿದ ತಿರುವು ಬಂದರೆ ಸಾಕು, ಹಿಂದಿನ ಸೀಟಿನಲ್ಲಿ ಒಬ್ಬರಾದರೂ ಮೋಹಿನಿ ಕತೆ ತೆಗೆಯುತ್ತಾರೆ. ಬಿಳಿ ಸೀರೆ, ಬಿಚ್ಚಿದ ಕೂದಲು, ತಿರುಗಿದ ಪಾದ. ಪ್ರಯಾಣಿಕರು ಕಿಟಕಿ ಗಾಜು ಎಳೆದುಕೊಳ್ಳುತ್ತಾರೆ.

2019ರ ಆಗಸ್ಟಿನಲ್ಲಿ ಆ ಘಾಟಿಯಲ್ಲಿ ನಿಜವಾಗಿ ಎದುರಿಗೆ ಬಂದು ನಿಂತದ್ದು ಮೋಹಿನಿಯಲ್ಲ, ಗುಡ್ಡ. ಕಂಡಕಂಡಲ್ಲಿ ಮಣ್ಣು ಜಾರಿ ರಸ್ತೆಯೇ ಕಿತ್ತುಹೋಯಿತು, ವಾಹನ ಸಂಚಾರ ತಿಂಗಳುಗಟ್ಟಲೆ ನಿಂತಿತು. ಅದೇ ಮಳೆಯಲ್ಲಿ ಇದೇ ತಾಲ್ಲೂಕಿನ ಮಲೆಮನೆಯಲ್ಲಿ ಮನೆ ಜಮೀನುಗಳು ಮಣ್ಣುಪಾಲಾದವು. ಅಲ್ಲಿಯವರಿಗೆ ಗುಡ್ಡದ ಭಯ ಯಾವ ದೆವ್ವದ ಭಯಕ್ಕಿಂತಲೂ ದೊಡ್ಡದು. ಕೆಸರೂರಿನ ಲಂಟಾನದ ಹಾಗೆಯೇ ಇದೂ. ಜನ ತಿರುವಿನಲ್ಲಿ ಬಿಳಿ ಸೀರೆ ಹುಡುಕುತ್ತಾ ಕುಳಿತಾಗ ಗುಡ್ಡ ತಲೆಯ ಮೇಲೆ ನೀರು ಕುಡಿಯುತ್ತಿರುತ್ತೆ.

ದೆವ್ವದ ಕತೆ ಹೇಳಬಾರದು ಅಂತಲ್ಲ. ಕತ್ತಲಲ್ಲಿ, ಮಳೆಯಲ್ಲಿ, ಹಂಡೆ ಒಲೆ ಮುಂದೆ ಕೂತು ದೆವ್ವದ ಕತೆ ಕೇಳದ ಮಲೆನಾಡಿಗ ಮಲೆನಾಡಿಗನೇ ಅಲ್ಲ. 1979ರಲ್ಲಿ ‘ನಾ ನಿನ್ನ ಬಿಡಲಾರೆ’ ಸಿನಿಮಾ ನೋಡಿ ಟಾಕೀಸಿನಿಂದ ಮನೆಗೆ ಒಬ್ಬೊಬ್ಬರೇ ಹೋಗಲಾರದೆ ಗುಂಪು ಕಟ್ಟಿಕೊಂಡು ಹೋದವರು ಇವತ್ತು ಅದನ್ನು ನೆನೆದು ನಗುತ್ತಾರೆ. ಹೆದರಿಕೆ ಅಂದರೆ ಹಾಗಿರಬೇಕು, ಮನೆ ತಲುಪಿದ ಮೇಲೆ ನಗು ಬರಬೇಕು. ಯಾರದ್ದೋ ಹೆಣ ಬೀಳಬಾರದು.

ಪಿಶಾಚಿ ತೋಳಮಾನವರ ನಗೆ ಕಾದಂಬರಿಗಳಿಂದ ಆಗುವ ಉಪಕಾರವೂ ಅಷ್ಟೇ. ಆಂಗುವಾ ಠಾಣೆಯಲ್ಲಿ ಪಕ್ಕದಲ್ಲೇ ಕೂತು ಡ್ಯೂಟಿ ಮಾಡುತ್ತಾಳೆ, ಮಾಲಡಿಕ್ಟ್ ಕಾಫಿ ಕೇಳಿಕೊಂಡು ಬರುತ್ತೆ. ಹೆದರಿಸುವವರನ್ನು ಹತ್ತಿರ ಕೂರಿಸಿಕೊಂಡು ನೋಡಿದರೆ ಅವರೂ ಹೊಟ್ಟೆಪಾಡಿನವರೇ ಅಂತ ಗೊತ್ತಾಗುತ್ತೆ. ತೇಜಸ್ವಿಯವರ ನಗು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಕನ್ನಡಿಯನ್ನು ಓದುಗರ ಕಡೆಗೇ ತಿರುಗಿಸಿತು. ಡ್ರಾಕುಲಾನ ಬಿಂಬ ಕನ್ನಡಿಯಲ್ಲಿ ಕಾಣೋದಿಲ್ಲವಂತೆ. ಕೆಸರೂರಿನವರದ್ದು ಚೆನ್ನಾಗಿಯೇ ಕಾಣುತ್ತೆ.

ಬೇತಾಳದ ಷರತ್ತು

ಹಾಗಾದರೆ ಅಂಗಡಿಯವರು, ಬಸ್ಸಿನವರು ಮಾಡಬೇಕಾದ್ದೇನು? ಪುಕಾರು ಮೊದಲು ಬಂದು ನಿಲ್ಲುವುದು ಅವರ ಹತ್ತಿರವೇ. ಬಸ್‌ಸ್ಟ್ಯಾಂಡಿನ ಗೂಡಂಗಡಿ, ಹೋಟೆಲಿನ ಗಲ್ಲ, ಕಂಡಕ್ಟರನ ಸೀಟು, ಇವು ಮೂರೂ ಊರಿನ ಬಾಗಿಲುಗಳು. ಯಾರೋ ಬಂದು, ಕೇಳಿದ್ರಾ, ಮೇಲಿನ ತೋಟಕ್ಕೆ ಹೊರಗಿನವರು ಯಾರೋ ಬಂದಿದ್ದಾರಂತೆ, ನೋಡಿದರೆ ಹಾಗಿದ್ದಾರಂತೆ, ಹೀಗಿದ್ದಾರಂತೆ ಎಂದು ಶುರು ಮಾಡುತ್ತಾರೆ. ಈಗ ಕಾಫಿ ಕೊಯ್ಲಿಗೆ ಅಸ್ಸಾಮು, ಬಿಹಾರ, ಒರಿಸ್ಸಾ ಕಡೆಯಿಂದ ಬರುವ ಕೂಲಿಯವರು ಬಹಳ. ಅವರ ಮಾತು ಇಲ್ಲಿಯವರಿಗೆ ತಿಳಿಯದು, ಇಲ್ಲಿಯವರ ಮಾತು ಅವರಿಗೆ ತಿಳಿಯದು. ಗಢವಾಲದ ಸಾಧುವಿನ ಹಾಗೆ ಅವರಿಗೂ ಈ ಊರಿನಲ್ಲಿ ಹಿಂದೆ ಮುಂದೆ ಯಾರೂ ಇಲ್ಲ.

ಆ ಹೊತ್ತಿಗೆ ಬಾಗಿಲು ತೆಗೆಯುವವನೂ ಒಳಗಿನವನೇ, ಬಾಗಿಲ ಮೇಲೆ ಬರೆಯುವವನೂ ಒಳಗಿನವನೇ. ಹೌದಾ, ಅಯ್ಯೋ ಎಂದು ಓಗೊಟ್ಟರೆ ದೆವ್ವ ಒಳಗೆ ಬಂತು. ಇವತ್ತು ಬೇಡ ಮಾರಾಯ, ನಾಳೆ ಹೇಳು, ಯಾರು ಕಂಡದ್ದು ಅಂತ ಕೇಳಿಕೊಂಡು ಬಾ ಎಂದರೆ ದೆವ್ವ ವಾಪಸ್ ಹೋಯಿತು. ದೆವ್ವದ ಹಾಗೆ ಪುಕಾರಿಗೂ ನೆನಪಿನ ಶಕ್ತಿ ಕಮ್ಮಿ. ಒಂದು ರಾತ್ರಿ ಕಾಯಿಸಿದರೆ ಬಹುಪಾಲು ಸುದ್ದಿಗೆ ತಾನು ಬಂದದ್ದು ಯಾಕೆ ಅಂತಲೇ ಮರೆತುಹೋಗಿರುತ್ತೆ.

ಇನ್ನು ಕೆಲವರಿಗೆ ಸುದ್ದಿ ಸುಳ್ಳು ಅಂತ ಗೊತ್ತಿರುತ್ತೆ. ನಮಗ್ಯಾಕೆ ಊರ ಉಸಾಬರಿ ಅಂತ ಚಿಲ್ಲರೆ ಎಣಿಸುತ್ತಾ ಸುಮ್ಮನಿರುತ್ತಾರೆ. ಅಂಥವರಿಗೆ ಹೇಳುವುದು ಬೇತಾಳ ವಿಕ್ರಮನಿಗೆ ಹೇಳಿದ್ದನ್ನೇ: ಉತ್ತರ ಗೊತ್ತಿದ್ದೂ ಬಾಯಿ ಬಿಡದಿದ್ದರೆ ತಲೆ ಹೋಳು. ಒಂದು ವ್ಯತ್ಯಾಸ ಮಾತ್ರ ಇದೆ. ಕತೆಯಲ್ಲಿ ಹೋಳಾಗುವುದು ಸುಮ್ಮನಿದ್ದವನ ತಲೆ. ಮುರ್ಕಿಯಲ್ಲಿ ಹೋದದ್ದು ದಾರಿಹೋಕನ ತಲೆ.

ಬೋರ್ಡು ಹೇಗೂ ಅಂಗಡಿಯಲ್ಲಿ ಇದ್ದೇ ಇದೆ. ಸಾಲ ಕೇಳುವ ಗಿರಾಕಿಗೆ ಅದನ್ನು ತೋರಿಸುವ ಮುಂಚೆ ಪುಕಾರು ಹೊತ್ತು ಬಂದವನಿಗೆ ತೋರಿಸಿದರೆ ಸಾಕು. ಆಮೇಲೆ ಬೇಕಾದರೆ ಅವನನ್ನೂ ಕೂರಿಸಿ ಒಂದು ಲೋಟ ಕಾಫಿ ಕೊಡಿ. ಪಿಶಾಚಿಯನ್ನೇ ಸಭ್ಯ ಮಾಡಿದ ಕಾಫಿ ಅವನನ್ನು ಮಾಡಲಾರದೇ?

ಕಾಫಿ ಮಾತ್ರ ನಗದು.